ಎಳ್ಳು ಬೆಲ್ಲ ಮತ್ತು ಆಡಿಹೋದ ಮಾತು

ಸಂಕ್ರಾಂತಿ ಹತ್ತಿರವಾಯಿತೆಂದರೆ ನಮ್ಮ ಬಸವನಗುಡಿಯ ಹಳೆಯ ಮನೆಗಳಲ್ಲಿ ವಾರಕ್ಕೆ ಮೊದಲೇ ಕೊಬ್ಬರಿ ಹೆಚ್ಚುವ ಸದ್ದು ಕೇಳತೊಡಗುತ್ತದೆ. ಈಗ ಗಾಂಧಿಬಜಾರಿಗೆ ಹೋದರೆ ಎಲ್ಲವೂ ಬೆರೆಸಿಟ್ಟ ಪೊಟ್ಟಣಗಳಾಗಿಯೇ ದೊರೆಯುತ್ತವೆ. ಆದರೂ ನನ್ನ ಪತ್ನಿ ಹಳೆಯ ಪದ್ಧತಿಯನ್ನು ಬಿಟ್ಟವಳಲ್ಲ. ಅಚ್ಚುಬೆಲ್ಲವನ್ನು ಅಡಕೊತ್ತಿನಲ್ಲಿ ಸಣ್ಣ ಸಣ್ಣ ತುಣುಕುಗಳಾಗಿ ಕತ್ತರಿಸುವ ಹೊಣೆ ಮದುವೆಯಾದಂದಿನಿಂದಲೂ ನನ್ನದು. ಬಿಸಿಲಿನಲ್ಲಿ ಒಣಗಿಸಿದ ಕೊಬ್ಬರಿ, ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜ, ಹುರಿಗಡಲೆ, ಬಿಳಿಯ ಎಳ್ಳು - ಇವೆಲ್ಲ ಒಂದು ದೊಡ್ಡ ತಟ್ಟೆಯಲ್ಲಿ ಕೂಡಿದಾಗ ಬರುವ ಆ ಪರಿಮಳದೊಂದಿಗೆ ಒಂದು ಮಾತೂ ಕೂಡಿಕೊಂಡೇ ಬರುತ್ತದೆ: ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡು. ಈ ಮಾತನ್ನು ಎಪ್ಪತ್ತು ವರ್ಷಗಳಿಂದ ಕೇಳುತ್ತ, ಹೇಳುತ್ತ ಬಂದಿದ್ದೇನೆ. ಆದರೆ ಅದರ ಅರ್ಥ ನನಗೆ ನೆಟ್ಟಗೆ ತಿಳಿದದ್ದು 2019ರ ಸಂಕ್ರಾಂತಿಯಂದು. ತಿಳಿಸಿದವಳು ನನ್ನ ಮೊಮ್ಮಗಳು. ಅದಕ್ಕೆ ನೆಪವಾದದ್ದು ಒಬ್ಬ ಕ್ರಿಕೆಟ್ ಆಟಗಾರ ದೂರದರ್ಶನದಲ್ಲಿ ಕಾಣಿಸಿಕೊಂಡ ಒಂದು ರಾತ್ರಿ.

ನಮ್ಮ ಬಡಾವಣೆಗೆ ಕ್ರಿಕೆಟ್ಟಿನ ಹುಚ್ಚು ಎಷ್ಟರಮಟ್ಟಿಗೆ ಇದೆಯೆಂಬುದನ್ನು ಹೊರಗಿನ ಓದುಗರಿಗೆ ಸ್ವಲ್ಪ ವಿವರಿಸಬೇಕು. ಅನಿಲ್ ಕುಂಬ್ಳೆ ಓದಿದ್ದು ಇಲ್ಲಿಯ ನ್ಯಾಷನಲ್ ಹೈಸ್ಕೂಲಿನಲ್ಲಿ; ಅನಂತರ ಆರ್.ವಿ. ಕಾಲೇಜಿನಲ್ಲಿ ಎಂಜಿನಿಯರಿಂಗ್ ಮುಗಿಸಿದರು. ಅವರ ಮನೆತನದ ಬೇರು ಕಾಸರಗೋಡಿನ ಬಳಿಯ ಕುಂಬಳೆಯಲ್ಲಿದ್ದರೂ ನಮಗೆ ಅವರು ಬಸವನಗುಡಿಯ ಹುಡುಗನೇ. 1996ರ ಅಕ್ಟೋಬರ್ 21ರ ರಾತ್ರಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಟೈಟನ್ ಕಪ್ ಪಂದ್ಯ. ಆಸ್ಟ್ರೇಲಿಯದ 215ನ್ನು ಬೆನ್ನಟ್ಟುತ್ತಿದ್ದ ಭಾರತ ತಂಡದಲ್ಲಿ ಸಚಿನ್ ತೆಂಡುಲ್ಕರ್ 88 ಓಟ ಗಳಿಸಿ ಔಟಾದಾಗ ನಮ್ಮ ಬೀದಿಯ ಅನೇಕರು ದೂರದರ್ಶನವನ್ನು ಆರಿಸಿ ಮಲಗಿಬಿಟ್ಟಿದ್ದರು. ಆಮೇಲೆ ಕುಂಬ್ಳೆ ಮತ್ತು ಮೈಸೂರಿನಲ್ಲಿ ಓದಿದ ಜಾವಗಲ್ ಶ್ರೀನಾಥ್ ಸೇರಿ ಮುರಿಯದ ಒಂಬತ್ತನೆಯ ವಿಕೆಟ್ಟಿಗೆ 52 ಓಟ ಕೂಡಿಸಿ ಪಂದ್ಯವನ್ನು ಗೆದ್ದುಕೊಟ್ಟರು. ಮಲಗಿದ್ದವರು ಗಲಾಟೆಗೆ ಎದ್ದು ಬಾಗಿಲು ತೆರೆದು ಏನಾಯಿತೆಂದು ಕೇಳಿದ್ದು ನನಗಿನ್ನೂ ನೆನಪಿದೆ.

2002ರ ಮೇ ತಿಂಗಳಲ್ಲಿ ಆಂಟಿಗುವದ ಟೆಸ್ಟ್ ಪಂದ್ಯ. ವೆಸ್ಟ್ ಇಂಡೀಸಿನ ಬೆಳಗು ನಮಗೆ ಸಂಜೆಯಾದ್ದರಿಂದ ಆಟ ಮುಗಿಯುವಷ್ಟರಲ್ಲಿ ಇಲ್ಲಿ ನಡುರಾತ್ರಿ ಕಳೆದಿರುತ್ತಿತ್ತು. ಚೆಂಡು ತಗುಲಿ ದವಡೆ ಮುರಿದಿದ್ದ ಕುಂಬ್ಳೆ ತಲೆಯಿಂದ ಗಲ್ಲದವರೆಗೆ ಬಿಳಿಯ ಪಟ್ಟಿ ಬಿಗಿದುಕೊಂಡು ಮೈದಾನಕ್ಕಿಳಿದು, ಹದಿನಾಲ್ಕು ಓವರು ಎಸೆದು, ಬ್ರಯನ್ ಲಾರಾ ಅವರನ್ನು ಎಲ್‌ಬಿಡಬ್ಲ್ಯೂ ಮಾಡಿದರು. ಬಾಯಿ ತೆರೆಯಲಾಗದ ಸ್ಥಿತಿಯಲ್ಲಿದ್ದ ಮನುಷ್ಯ ಅಂದು ನಮಗೆ ಹೇಳಿದ್ದು ಎಷ್ಟೊಂದು! ಮತ್ತೆ 2008ರ ಜನವರಿ 6ರಂದು, ಕಹಿ ತುಂಬಿದ ಸಿಡ್ನಿ ಟೆಸ್ಟ್ ಸೋತ ಮೇಲೆ, ತಂಡದ ನಾಯಕರಾಗಿ ಪತ್ರಕರ್ತರೆದುರು ಕುಳಿತು, ಇಲ್ಲಿ ಒಂದೇ ತಂಡ ಆಟದ ಧರ್ಮಕ್ಕೆ ತಕ್ಕಂತೆ ಆಡುತ್ತಿತ್ತೆಂಬ ಅರ್ಥದ ಒಂದೇ ಒಂದು ವಾಕ್ಯವನ್ನು ನುಡಿದರು. 1933ರಲ್ಲಿ ಅಡಿಲೇಡಿನಲ್ಲಿ ಬಾಡಿಲೈನ್ ದಾಳಿಯ ನಡುವೆ ಆಸ್ಟ್ರೇಲಿಯದ ನಾಯಕ ಬಿಲ್ ವುಡ್‌ಫುಲ್ ಆಡಿದ್ದ ಮಾತಿನ ಪ್ರತಿಧ್ವನಿ ಅದರಲ್ಲಿತ್ತು. ಅಳೆದು ತೂಗಿ ಆಡಿದ ಆ ಒಂದು ವಾಕ್ಯ ನಮಗೆ ಗೆಲುವಿನಷ್ಟೇ ಹೆಮ್ಮೆ ತಂದಿತು. ನಮ್ಮ ಆಟಗಾರರು ದೂರದರ್ಶನದಲ್ಲಿ ಬಾಯಿ ತೆರೆದರೆ ಹೀಗೆಯೇ ಎಂಬ ಜಂಬವೊಂದು ನಮ್ಮಲ್ಲಿ ಬೇರೂರಿದ್ದರೆ ಆಶ್ಚರ್ಯವಿಲ್ಲ.

ಆ ವಾಕ್ಯಕ್ಕೆ ಸರಿಯಾಗಿ ಹನ್ನೊಂದು ವರ್ಷ ತುಂಬಿದ ದಿನ, ಅಂದರೆ 2019ರ ಜನವರಿ 6ರ ಭಾನುವಾರ ರಾತ್ರಿ, ಕರಣ್ ಜೋಹರ್ ನಡೆಸಿಕೊಡುತ್ತಿದ್ದ 'ಕಾಫಿ ವಿತ್ ಕರಣ್' ಹರಟೆ ಕಾರ್ಯಕ್ರಮದಲ್ಲಿ ಹಾರ್ದಿಕ್ ಪಾಂಡ್ಯ ಮತ್ತು ಕೆ.ಎಲ್. ರಾಹುಲ್ ಕಾಣಿಸಿಕೊಂಡರು.

ನನ್ನ ಮೊಮ್ಮಗನಿಗೆ ಆಗ ಹದಿನೈದು ವರ್ಷ. ಅವನ ಪಾಲಿಗೆ ರಾಹುಲ್ ಎಂದರೆ ದೇವರಿಗಿಂತ ಒಂದು ಗೇಣು ಕೆಳಗೆ, ಅಷ್ಟೆ. ಅದಕ್ಕೆ ಕಾರಣನಾದವನು ನಾನೇ. 2015ರ ಜನವರಿ ಕೊನೆಯಲ್ಲಿ ಉತ್ತರ ಪ್ರದೇಶದ ವಿರುದ್ಧ ರಣಜಿ ಪಂದ್ಯ ಚಿನ್ನಸ್ವಾಮಿಯಲ್ಲಿ ನಡೆಯುತ್ತಿದ್ದಾಗ ಅವನ ಕೈಹಿಡಿದು ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದೆ. ಹೆಚ್ಚು ಜನರಿಲ್ಲದ ಗ್ಯಾಲರಿಯಲ್ಲಿ ಕುಳಿತು ಚಿತ್ರಾನ್ನದ ಡಬ್ಬಿ ಬಿಚ್ಚಿದ್ದೆವು. ರಾಹುಲ್ ಆ ಪಂದ್ಯದಲ್ಲಿ 337 ಓಟ ಹೊಡೆದರು. ರಣಜಿಯಲ್ಲಿ ಕರ್ನಾಟಕದ ಆಟಗಾರನೊಬ್ಬನ ಮೊದಲ ತ್ರಿಶತಕ ಅದು. ಈ ಹುಡುಗ ಬೆಳೆದದ್ದು ಸುರತ್ಕಲ್ಲಿನಲ್ಲಿ, ತಂದೆ ಅಲ್ಲಿಯ ಎಂಜಿನಿಯರಿಂಗ್ ವಿದ್ಯಾಸಂಸ್ಥೆಯಲ್ಲಿ ಪ್ರಾಧ್ಯಾಪಕರು, ತಾಯಿಯೂ ಪ್ರಾಧ್ಯಾಪಕಿ, ಹದಿನೆಂಟರ ವಯಸ್ಸಿನಲ್ಲಿ ಬೆಂಗಳೂರಿಗೆ ಬಂದು ಜೈನ್ ಕಾಲೇಜು ಸೇರಿ ಕ್ರಿಕೆಟ್ ಆಡಿದವನು ಎಂದೆಲ್ಲ ನಾನು ಮೊಮ್ಮಗನಿಗೆ ಮೇಷ್ಟರ ಧಾಟಿಯಲ್ಲಿಯೇ ಹೇಳಿದ್ದೆ. ಓದೂ ಆಟವೂ ಜೊತೆಯಾಗಿ ಸಾಗಬಲ್ಲವೆಂಬುದು ನನ್ನ ಉಪದೇಶದ ಸಾರ. ಅವನು ಉಪದೇಶವನ್ನು ಬಿಟ್ಟು ಆಟಗಾರನನ್ನು ಹಿಡಿದುಕೊಂಡ. ಓದುವ ಮೇಜಿನ ಮೇಲಿನ ಗೋಡೆಗೆ ರಾಹುಲರ ದೊಡ್ಡ ಚಿತ್ರವೊಂದು ಬಂತು.

ಆ ರಾತ್ರಿಯ ಕಾರ್ಯಕ್ರಮವನ್ನು ನಾನು ನೋಡಲಿಲ್ಲ. ಮರುದಿನ, ಸೋಮವಾರ, ಭಾರತ ತಂಡ ಆಸ್ಟ್ರೇಲಿಯದ ನೆಲದಲ್ಲಿ ಮೊಟ್ಟಮೊದಲ ಬಾರಿಗೆ ಟೆಸ್ಟ್ ಸರಣಿಯನ್ನು 2-1ರಿಂದ ಗೆದ್ದುಕೊಂಡಿತು. ಸಿಹಿ ಹಂಚಬೇಕಾದ ದಿನ. ಆದರೆ ಕೃಷ್ಣರಾವ್ ಉದ್ಯಾನದ ನಮ್ಮ ನಿವೃತ್ತರ ಬೆಂಚಿನಲ್ಲಿ ಎರಡು ದಿನಗಳೊಳಗೆ ಸರಣಿಯ ಸುದ್ದಿ ಹಿಂದೆ ಸರಿದು ಹರಟೆಯ ಸುದ್ದಿ ಮುಂದೆ ಬಂತು. ಹೆಂಗಸರ ಕುರಿತು ಆಡಬಾರದ ಮಾತುಗಳನ್ನು ಆಡಿದ್ದಾರೆಂದು ಒಬ್ಬರು. ಹಣ ತಲೆಗೇರಿದರೆ ಹೀಗೆಯೇ ಎಂದು ಇನ್ನೊಬ್ಬರು. ನಮ್ಮ ಕಾಲದಲ್ಲಿ ಗುಂಡಪ್ಪ ವಿಶ್ವನಾಥ್ ಎದುರಾಳಿಯನ್ನು ಮರಳಿ ಆಡಲು ಕರೆದಿದ್ದರೆಂದು ಮತ್ತೊಬ್ಬರು. ಮನೆಗೆ ಬಂದು ಮೊಮ್ಮಗಳ ಮೊಬೈಲಿನಲ್ಲಿ ಒಂದೆರಡು ತುಣುಕುಗಳನ್ನು ನೋಡಿದೆ. ಆ ಮಾತುಗಳನ್ನು ಇಲ್ಲಿ ಮತ್ತೆ ಬರೆಯಲಾರೆ. ಹೆಚ್ಚಿನವು ಪಾಂಡ್ಯ ಅವರ ಬಾಯಿಂದ ಬಂದವು; ಹೆಣ್ಣುಮಕ್ಕಳನ್ನು ಎಣಿಕೆಯ ಸಾಮಾನುಗಳಂತೆ ಕಂಡು ಜಂಬ ಕೊಚ್ಚಿಕೊಂಡ ಮಾತುಗಳು. ರಾಹುಲ್ ಆಡಿದ್ದು ಕಡಿಮೆ. ಆದರೆ ಪಕ್ಕದಲ್ಲಿ ಕುಳಿತಿದ್ದರು, ನಕ್ಕರು, ಕೇಳಿದ ಕೆಲವು ಪ್ರಶ್ನೆಗಳಿಗೆ ಅದೇ ಧಾಟಿಯಲ್ಲಿ ಉತ್ತರವನ್ನೂ ಕೊಟ್ಟರು.

ಮನೆ ಎರಡು ಪಾಳೆಯವಾಯಿತು. ಮೊಮ್ಮಗನ ವಾದ: ರಾಹುಲ್ ಏನೂ ಹೇಳಿಲ್ಲ, ಎಲ್ಲ ಹೇಳಿದವನು ಇನ್ನೊಬ್ಬ, ಕೇಳುವವನು ಹಾಗೆ ಕೇಳಿದರೆ ಪಾಪ ಅವನೇನು ಮಾಡಬೇಕು. ಕಾಲೇಜಿನ ಕೊನೆಯ ವರ್ಷದಲ್ಲಿದ್ದ ಮೊಮ್ಮಗಳ ವಾದ: ನಕ್ಕವನಿಗೂ ಪಾಲಿದೆ. "ನಮ್ಮ ತರಗತಿಯಲ್ಲಿಯೂ ಹೀಗೆ ಮಾತಾಡುವವನು ಒಬ್ಬನೇ ಇರುತ್ತಾನೆ. ನಗುವವರು ಹತ್ತು ಮಂದಿ. ಆ ಹತ್ತು ಮಂದಿ ನಗದಿದ್ದರೆ ಅವನು ಎರಡನೆಯ ಸಲ ಬಾಯಿ ತೆರೆಯುವುದಿಲ್ಲ" ಎಂದಳು. ಇದಕ್ಕೆ ತಮ್ಮನ ಬಳಿ ಉತ್ತರವಿರಲಿಲ್ಲ. ಉತ್ತರವಿಲ್ಲದ ಹುಡುಗರು ಮಾಡುವುದನ್ನೇ ಅವನೂ ಮಾಡಿದ. ಎದ್ದುಹೋಗಿ ಕೋಣೆಯ ಬಾಗಿಲು ಹಾಕಿಕೊಂಡ.

ಇತ್ತ ಸುದ್ದಿ ದಿನದಿನಕ್ಕೆ ಬಲಿಯಿತು. ಕ್ರಿಕೆಟ್ ಮಂಡಳಿ ಕಾರಣ ಕೇಳಿ ನೋಟೀಸು ಕೊಟ್ಟಿತು. ಪಾಂಡ್ಯ ಬಹಿರಂಗವಾಗಿ ಕ್ಷಮೆ ಕೋರಿದರು. ನಾಯಕ ವಿರಾಟ್ ಕೊಹ್ಲಿ, ಇಂತಹ ಮಾತುಗಳನ್ನು ತಂಡ ಬೆಂಬಲಿಸುವುದಿಲ್ಲವೆಂದು ಹೇಳಿದರು. ಕಾರ್ಯಕ್ರಮದ ಆ ಕಂತನ್ನು ಹಾಟ್‌ಸ್ಟಾರಿನಿಂದ ತೆಗೆದುಹಾಕಲಾಯಿತು. ಜನವರಿ 11ರಂದು, ಸಿಡ್ನಿಯ ಒಂದು ದಿನದ ಪಂದ್ಯಕ್ಕೆ ಒಂದೇ ದಿನ ಉಳಿದಿರುವಾಗ, ಇಬ್ಬರನ್ನೂ ಅಮಾನತುಗೊಳಿಸಿ ಮನೆಗೆ ಕಳುಹಿಸುವ ತೀರ್ಮಾನ ಹೊರಬಿತ್ತು. ಆ ದಿನಗಳಲ್ಲಿ ಅವರ ಮೇಲೆ ಸುರಿದ ಬೈಗುಳ ಅವರು ಆಡಿದ ಮಾತುಗಳಿಗಿಂತ ಸೌಮ್ಯವಾಗಿಯೇನೂ ಇರಲಿಲ್ಲ. ಹೆಣ್ಣಿನ ಮರ್ಯಾದೆಯನ್ನು ಕಾಯಲು ಹೊರಟ ಅನೇಕರು ಆಟಗಾರರ ಮನೆಯ ಹೆಂಗಸರನ್ನೇ ಎಳೆದು ತಂದು ಬೈದದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ.

ಸಂಕ್ರಾಂತಿ ಆ ವರ್ಷ 15ರಂದು ಬಂದಿತ್ತು. ಹಿಂದಿನ ಸಂಜೆ ನಾನು ಬೆಲ್ಲ ಕತ್ತರಿಸುತ್ತ ಕುಳಿತಿದ್ದೆ. ಮಕ್ಕಳಿಬ್ಬರೂ ಬೀಜದ ಸಿಪ್ಪೆ ಊದುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡದೆ. ಮೊಮ್ಮಗನ ಕಣ್ಣು ಕೆಂಪಾಗಿದ್ದುದನ್ನು ಕಂಡು ನನಗೆ ಮರುಕ ಹುಟ್ಟಿತು. ಅವನನ್ನು ಸಮಾಧಾನಪಡಿಸಲೆಂದು, ಬಹಿರಂಗ ಶಿಕ್ಷೆ ಎಷ್ಟು ಕ್ರೂರವಾದುದೆಂದು ತೋರಿಸಲೆಂದು, ನನ್ನ ಬತ್ತಳಿಕೆಯ ಹಳೆಯ ಪ್ರಸಂಗವೊಂದನ್ನು ತೆಗೆದೆ. ಮನೆಯವರು ಅದನ್ನು ಹಿಂದೆಯೂ ಕೇಳಿದ್ದರು.

1979ರ ಮಾತು. ನಾನು ನಗರದ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಗೆ ಕನ್ನಡ ಪಾಠ ಮಾಡುತ್ತಿದ್ದೆ. ಮುಂಗೋಪಿಯಾಗಿದ್ದೆ, ಶಿಸ್ತಿನ ಮೇಷ್ಟರೆಂದು ಹೆಸರು ಬೇರೆ. ಒಂದು ಮಧ್ಯಾಹ್ನ ಹಿಂದಿನ ಬೆಂಚಿನಲ್ಲಿ ಒಂದು ನೋಟುಪುಸ್ತಕ ಕೈಯಿಂದ ಕೈಗೆ ಸಾಗುತ್ತಿರುವುದನ್ನು ಕಂಡು ಕಸಿದುಕೊಂಡೆ. ಅದರ ಕೊನೆಯ ಪುಟದಲ್ಲಿ ತರಗತಿಯ ಮೂವರು ಹುಡುಗಿಯರ ಹೆಸರು ಬರೆದು, ಪರೀಕ್ಷೆಯ ಅಂಕಪಟ್ಟಿಯಂತೆ ಅವರ ರೂಪಕ್ಕೆ ಅಂಕ ಕೊಟ್ಟು, ಪಕ್ಕದಲ್ಲಿ ಒಂದೊಂದು ಸಾಲು ಷರಾ ಬರೆದಿತ್ತು. ನನ್ನ ಮೈ ಉರಿದುಹೋಯಿತು. ಬರೆದ ಹುಡುಗನನ್ನು ಮೇಜಿನ ಬಳಿ ನಿಲ್ಲಿಸಿ, ಅವನಿಗೆ ನಾಚಿಕೆಯಾಗಲೆಂದು ಆ ಪುಟವನ್ನು ಇಡೀ ತರಗತಿಗೆ ಕೇಳುವಂತೆ ಗಟ್ಟಿಯಾಗಿ ಓದಿದೆ. ಮೊದಲ ಸಾಲಿಗೆ ತರಗತಿ ನಕ್ಕಿತು. ಎರಡನೆಯ ಸಾಲಿಗೆ ಮೌನವಾಯಿತು. ಹುಡುಗ ಅತ್ತುಬಿಟ್ಟ. ತಂದೆಯನ್ನು ಕರೆಸಿದೆವು. ತಿಂಗಳೊಳಗೆ ಅವನು ವರ್ಗಾವಣೆ ಪತ್ರ ಪಡೆದು ಹೊರಟುಹೋದ. ಓದಿನಲ್ಲಿ ಜಾಣ, ಆಮೇಲೆ ಏನಾದನೋ ತಿಳಿಯಲಿಲ್ಲ.

"ಅವನನ್ನು ಒಬ್ಬನೇ ಕರೆದು ತಿದ್ದಬಹುದಿತ್ತು. ನಾಲ್ಕು ಜನರೆದುರು ಮಾನ ಕಳೆದದ್ದು ನನ್ನ ತಪ್ಪು. ಆ ಪಶ್ಚಾತ್ತಾಪ ನನಗೆ ಇಂದಿಗೂ ಇದೆ" ಎಂದು ಎಂದಿನಂತೆ ಮುಗಿಸಿದೆ. ಮೊಮ್ಮಗನ ಮುಖ ಕೊಂಚ ಅರಳಿತು.

ಮೊಮ್ಮಗಳು ತಲೆ ಎತ್ತದೆ ಕೇಳಿದಳು: "ಆ ಹುಡುಗಿಯರು ಏನಾದರು, ತಾತ?"

ನನ್ನ ಕೈಯಲ್ಲಿದ್ದ ಅಡಕೊತ್ತು ನಿಂತಿತು. ಆ ಪ್ರಸಂಗವನ್ನು ನಲವತ್ತು ವರ್ಷಗಳಲ್ಲಿ ಹತ್ತಾರು ಬಾರಿ ಹೇಳಿದ್ದೇನೆ. ಶಿಕ್ಷಕರ ತರಬೇತಿ ಶಿಬಿರಗಳಲ್ಲಿ ಉದಾಹರಣೆಯಾಗಿಯೂ ಬಳಸಿದ್ದೇನೆ. ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಆದರೆ ಉತ್ತರ ನನಗೆ ಗೊತ್ತಿತ್ತು. ಮೂವರಲ್ಲಿ ಇಬ್ಬರು ಮರುದಿನ ತಲೆ ತಗ್ಗಿಸಿಕೊಂಡು ಬಂದರು. ಮೂರನೆಯವಳು ಒಂದು ವಾರ ಬರಲಿಲ್ಲ. ಬಂದಳು, ದಸರೆಯ ರಜೆಯ ನಂತರ ಮತ್ತೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದವನು ನಾನೇ. ಶಾಲೆಯಲ್ಲಿ ಹೆಸರು ಕೆಡಿಸಿಕೊಂಡು ಬಂದಳೆಂದು ಮನೆಯವರು ಬಿಡಿಸಿದರೆಂದು ಅವಳ ಗೆಳತಿ ಹೇಳಿದ್ದಳು. ಅವಳ ಹೆಸರನ್ನು ಹುಡುಗ ಬರೆದದ್ದು ಒಂದು ನೋಟುಪುಸ್ತಕದ ಕೊನೆಯ ಪುಟದಲ್ಲಿ, ನಾಲ್ಕೈದು ಮಂದಿಯ ಕಣ್ಣಿಗಷ್ಟೇ ಬೀಳುವಂತೆ. ಅದನ್ನು ಐವತ್ತು ಮಕ್ಕಳ ಕಿವಿಗೆ, ಅವರ ಮೂಲಕ ಐವತ್ತು ಮನೆಗಳಿಗೆ ಮುಟ್ಟಿಸಿದವನು ಶಿಸ್ತಿನ ಮೇಷ್ಟರಾದ ನಾನು.

ಇದನ್ನು ಮಕ್ಕಳಿಗೆ ಹೇಳಿದೆ. ಹೇಳಲು ಬಹಳ ಹೊತ್ತು ಬೇಕಾಯಿತು. ಯಾರೂ ಏನೂ ಮಾತಾಡಲಿಲ್ಲ. ಪತ್ನಿ ಅಡಿಗೆಮನೆಯಿಂದ ಬಂದು ತಟ್ಟೆಯನ್ನು ಒಳಗೆ ತೆಗೆದುಕೊಂಡು ಹೋದಳು.

ಅಂದು ರಾತ್ರಿ ನಿದ್ರೆ ಹತ್ತದೆ ಯೋಚಿಸಿದೆ. ಆ ಹುಡುಗನಿಗೆ ಮಾಡಿದ ಅನ್ಯಾಯವನ್ನು ಇಷ್ಟು ವರ್ಷ ಹೊತ್ತು ತಿರುಗಿದ ನನಗೆ ಈ ಹುಡುಗಿ ಏಕೆ ನೆನಪಾಗಲಿಲ್ಲ? ಅವನು ನನ್ನ ಕಣ್ಣೆದುರು ಅತ್ತನು. ಅವಳು ಅಳಲಿಲ್ಲ ಎಂಬುದೊಂದೇ ಕಾರಣವೇ? ದೂರದರ್ಶನದ ಪ್ರಸಂಗದಲ್ಲಿಯೂ ನಾವು ಮಾಡಿದ್ದು ಅದನ್ನೇ ಅಲ್ಲವೇ? ಶಿಕ್ಷೆ ಹೆಚ್ಚಾಯಿತೇ ಕಡಿಮೆಯಾಯಿತೇ, ವಿಶ್ವಕಪ್ಪಿಗೆ ಇವರು ಸಿಗುತ್ತಾರೆಯೇ ಎಂದು ಬೆಂಚಿನ ಮೇಲೆ ವಾರಗಟ್ಟಲೆ ಚರ್ಚಿಸಿದೆವು. ಯಾರನ್ನು ಕುರಿತು ಆ ಮಾತುಗಳನ್ನು ಆಡಲಾಯಿತೋ ಆ ಹೆಣ್ಣುಮಕ್ಕಳು ಯಾರ ಬಾಯಲ್ಲಿಯೂ ಬರಲಿಲ್ಲ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಆ ದಿನಗಳಲ್ಲಿಯೇ ರಾಹುಲ್ ದ್ರಾವಿಡ್, ಆಟಗಾರರು ಹಿಂದೆಯೂ ತಪ್ಪು ಮಾಡಿದ್ದಾರೆ, ಮುಂದೆಯೂ ಮಾಡುತ್ತಾರೆ, ತಿಳಿಹೇಳುತ್ತಲೇ ಇರಬೇಕು, ಅತಿರೇಕಕ್ಕೆ ಹೋಗುವುದು ಬೇಡ ಎಂಬ ಅರ್ಥದ ಮಾತನಾಡಿದರು. ಕಾರ್ಯಕ್ರಮದ ನಿರೂಪಕರು, ವೇದಿಕೆ ತಮ್ಮದಾದ್ದರಿಂದ ಹೊಣೆಯೂ ತಮ್ಮದೆಂದು ಅನ್ನಿಸುತ್ತಿದೆಯೆಂದು ಒಪ್ಪಿಕೊಂಡರು. ಅದನ್ನು ಓದಿದಾಗ ನನಗೆ ನನ್ನ ತರಗತಿಯ ಮೇಜು ನೆನಪಾಯಿತು. ಜನವರಿ 24ರಂದು ಅಮಾನತು ತೆರವಾಯಿತು. ರಾಹುಲರನ್ನು ಇಂಗ್ಲೆಂಡ್ ಲಯನ್ಸ್ ವಿರುದ್ಧ ಆಡುತ್ತಿದ್ದ ಭಾರತ 'ಎ' ತಂಡಕ್ಕೆ ಕಳುಹಿಸಿದರು; ಅಲ್ಲಿ ತರಬೇತುದಾರರು ದ್ರಾವಿಡರೇ. ಅವರೊಡನೆ ಕಳೆದ ಆ ದಿನಗಳು ತಮಗೆ ನೆರವಾದವೆಂದು ರಾಹುಲ್ ಆಮೇಲೆ ಹೇಳಿಕೊಂಡರು. ಏಪ್ರಿಲಿನಲ್ಲಿ ಮಂಡಳಿಯ ಒಂಬುಡ್ಸ್‌ಮನ್, ನಿವೃತ್ತ ನ್ಯಾಯಮೂರ್ತಿ ಡಿ.ಕೆ. ಜೈನ್, ಇಬ್ಬರಿಗೂ ತಲಾ 20 ಲಕ್ಷ ರೂಪಾಯಿ ದಂಡ ವಿಧಿಸಿದರು. ಅದರಲ್ಲಿ 10 ಲಕ್ಷ, ಕರ್ತವ್ಯದಲ್ಲಿ ಮಡಿದ ಅರೆಸೇನಾಪಡೆಯ ಹತ್ತು ಪೇದೆಗಳ ಕುಟುಂಬಗಳಿಗೆ ಒಂದೊಂದು ಲಕ್ಷದಂತೆ. ಇನ್ನು 10 ಲಕ್ಷ ಅಂಧರ ಕ್ರಿಕೆಟ್ಟಿಗೆ. ಒಳ್ಳೆಯ ಉದ್ದೇಶಗಳೇ. ಆದರೂ ಮೊಮ್ಮಗಳು ಪತ್ರಿಕೆ ಓದಿ, "ಇದರಲ್ಲಿಯೂ ಹುಡುಗಿಯರಿಗೆ ಸಂಬಂಧಪಟ್ಟದ್ದು ಏನೂ ಇಲ್ಲವಲ್ಲ" ಎಂದಳು.

ಅದಕ್ಕೆ ಮೊದಲೇ, ಫೆಬ್ರವರಿ 27ರ ರಾತ್ರಿ, ರಾಹುಲ್ ಚಿನ್ನಸ್ವಾಮಿಯಲ್ಲಿ ಆಸ್ಟ್ರೇಲಿಯದ ವಿರುದ್ಧ 26 ಚೆಂಡುಗಳಲ್ಲಿ 47 ಓಟ ಹೊಡೆದಿದ್ದರು. ನಾನು ಮೊಮ್ಮಗನೊಡನೆ ದೂರದರ್ಶನದಲ್ಲಿ ನೋಡಿದೆ. ಅವನು ಚಪ್ಪಾಳೆ ಹೊಡೆದ, ಆದರೆ ಮೊದಲಿನಂತೆ ಕುರ್ಚಿಯಿಂದ ಜಿಗಿಯಲಿಲ್ಲ. ಅಷ್ಟರಲ್ಲಿ ಗೋಡೆಯ ಚಿತ್ರ ಇರಲಿಲ್ಲ. ಯಾವಾಗ ತೆಗೆದನೆಂದು ನಾನು ಕೇಳಲಿಲ್ಲ. ಹರಿದು ಎಸೆದಿರಲಿಲ್ಲ, ಸುರುಳಿ ಸುತ್ತಿ ಬೀರುವಿನ ಮೇಲೆ ಇಟ್ಟಿದ್ದ.

2024ರಲ್ಲಿ ರಾಹುಲ್ ಒಂದು ಸಂದರ್ಶನದಲ್ಲಿ ಈ ವಿಷಯವನ್ನು ಮತ್ತೆ ಎತ್ತಿದರು. ಆ ಘಟನೆ ತಮ್ಮನ್ನು ಬಹಳವಾಗಿ ಗಾಯಗೊಳಿಸಿತೆಂದೂ, ಶಾಲೆಯಲ್ಲಿ ತಮಗೆಂದೂ ಶಿಕ್ಷೆಯಾಗಿರಲಿಲ್ಲವೆಂದೂ ಹೇಳಿದರು. ಅಷ್ಟು ಹೊತ್ತಿಗೆ ಅವರು 2019ರ ವಿಶ್ವಕಪ್ಪಿನಲ್ಲಿ ಶತಕ ಬಾರಿಸಿದ್ದರು. 2023ರ ವಿಶ್ವಕಪ್ಪಿನಲ್ಲಿ ಚೆನ್ನೈಯಲ್ಲಿ ಆಸ್ಟ್ರೇಲಿಯದ ವಿರುದ್ಧ ಕುಸಿದ ತಂಡವನ್ನು ಅಜೇಯ 97ರಿಂದ ಎತ್ತಿ ನಿಲ್ಲಿಸಿದ್ದರು. ಶಾಲೆಯಲ್ಲಿ ಶಿಕ್ಷೆಯಾಗದ ಹುಡುಗ ಎಂಬ ಮಾತು ನನ್ನಂತಹ ಮೇಷ್ಟರನ್ನು ಬಹಳ ಹೊತ್ತು ಕಾಡಿತು. ಸಭ್ಯ ಹುಡುಗರಿಗೆ ನಾವು ಏನನ್ನೂ ಕಲಿಸುವುದಿಲ್ಲ. ಅವರು ತಾವಾಗಿ ಕೆಟ್ಟ ಮಾತಾಡುವುದಿಲ್ಲವಾದ್ದರಿಂದ, ಪಕ್ಕದವನು ಆಡಿದಾಗ ನಗಬಾರದೆಂಬ ಪಾಠ ಯಾವ ಪಠ್ಯದಲ್ಲಿಯೂ ಇರುವುದಿಲ್ಲ. ನಾನು ಮೂವತ್ತಾರು ವರ್ಷ ಪಾಠ ಮಾಡಿದೆ, ಸಂಧಿ ಸಮಾಸಗಳನ್ನು ಕಲಿಸಿದೆ, ಇದೊಂದನ್ನು ಕಲಿಸಲಿಲ್ಲ.

ಆ ಹುಡುಗಿಯನ್ನು ಹುಡುಕಲು ಯತ್ನಿಸಿದೆ. ಹಳೆಯ ವಿದ್ಯಾರ್ಥಿಗಳಿಬ್ಬರನ್ನು ವಿಚಾರಿಸಿದೆ. ಮದುವೆಯಾಗಿ ಬೇರೆ ಊರಿಗೆ ಹೋದಳೆಂಬುದಕ್ಕಿಂತ ಹೆಚ್ಚು ತಿಳಿಯಲಿಲ್ಲ. ಈಗ ಅವಳಿಗೂ ಅರವತ್ತು ದಾಟಿರಬೇಕು. ಸಿಕ್ಕಿದ್ದರೂ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಗಟ್ಟಿಯಾಗಿ ಓದಿದ್ದೇ ಸಾಕು.

2019ರ ಆ ಹಬ್ಬದ ಬೆಳಿಗ್ಗೆ ಮೊಮ್ಮಗಳು ಹೊಸ ಸೀರೆ ಉಟ್ಟು ಎಳ್ಳು ಬೀರಲು ಹೊರಟಳು. ಮೊದಲ ಪೊಟ್ಟಣವನ್ನು ತಮ್ಮನ ಕೈಗೆ ಕೊಟ್ಟಳು. ಆಡಬೇಕಾದ ಮಾತನ್ನು ಅವಳು ಆಡಲಿಲ್ಲ; ಅವನೂ ಕೇಳಲಿಲ್ಲ. ಎರಡನೆಯದನ್ನು ನನಗೆ ಕೊಟ್ಟಳು. ಕಬ್ಬಿನ ತುಂಡು, ಸಕ್ಕರೆ ಅಚ್ಚು, ಒಂದು ಬಾಳೆಹಣ್ಣು. ನಾನು ಬೆಲ್ಲದ ಒಂದು ತುಣುಕನ್ನು ಬಾಯಿಗೆ ಹಾಕಿಕೊಂಡು, ಅದು ಕರಗುವವರೆಗೂ ಸುಮ್ಮನೆ ಕುಳಿತಿದ್ದೆ.